ಅಳಿಯನ ಅಂಗಡಿ, ಅತ್ತೆಯ ಕಿವಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಶಟರ್‌ಗಳೆಲ್ಲ ಮುಚ್ಚಿವೆ, ಒಂದನ್ನು ಬಿಟ್ಟು. ಅದರ ಮುಂದೆ ಬಿಳಿ ಟ್ಯಾಕ್ಸಿಯೊಂದು ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿದೆ. ಮುಂದಿನ ಬಾಗಿಲಿನಿಂದ ಎರಡು ಕಾಲು ಹೊರಗೆ ಚಾಚಿವೆ. ಉಳಿದ ಮನುಷ್ಯ ಡ್ಯಾಶ್‌ಬೋರ್ಡಿನ ಕೆಳಗೆ. ಹಿಂದಿನ ಸೀಟಿನ ನಟ್ಟನಡುವೆ ಶಾಲು ಹೊದ್ದ ಅಜ್ಜಿಯೊಬ್ಬರು, ಎಲ್ಲಿಗೋ ಬಾಡಿಗೆಗೆ ಹೊರಟವರ ಹಾಗೆ, ಕಣ್ಣು ಮುಚ್ಚಿ ಕೂತಿದ್ದಾರೆ.

“ಇದೆಯಾ ಅತ್ತೆ?” ಕೆಳಗಿನಿಂದ ಪ್ರಶ್ನೆ.

“ಇದೆ.”

“ಈಗ?”

“ಇದೆ ಅಂದ್ನಲ್ಲ ಅಳಿಯಂದ್ರೇ. ಕಿವಿ ಹತ್ರ ಸೊಳ್ಳೆ ಬಂದ ಹಾಗೆ. ಗಾಡಿ ರೇಸ್ ಮಾಡಿದ್ರೆ ಸೊಳ್ಳೆಗೂ ಸಿಟ್ಟು ಬರುತ್ತೆ.”

ಕಾರಿನ ಸ್ಟೀರಿಯೋ ರಿಪೇರಿ ಮಾಡುವ ಈ ಅಳಿಯನನ್ನು ಬೀದಿಯವರು ಕರೆಯುವುದು ಸೌಂಡಣ್ಣ ಎಂದು. ಹೊಸ ಸ್ಟೀರಿಯೋ ಮಾರುವುದು ಇವರ ಕೆಲಸವಲ್ಲ. ಬೇರೆಯವರು ಕೂರಿಸಿ ಕೆಡಿಸಿದ್ದನ್ನು ಸರಿಮಾಡುವುದು ಇವರ ಪಾಲಿನದು. ಅದೂ ಬೆಳಗಿನ ಹೊತ್ತಿನಲ್ಲೇ. ಬೀದಿ ಎದ್ದ ಮೇಲೆ ಸಣ್ಣ ಶಬ್ದಗಳು ಸಿಕ್ಕುವುದಿಲ್ಲ.

ಟ್ಯಾಕ್ಸಿಯ ಡ್ರೈವರ್ ಪಕ್ಕದಲ್ಲಿ ಚಡಪಡಿಸುತ್ತ ನಿಂತಿದ್ದಾರೆ. ಗಾಜಿನ ಬಾಗಿಲಿನ ದೊಡ್ಡ ಅಂಗಡಿಯಲ್ಲಿ ಸ್ಟೀರಿಯೋ ಹಾಕಿಸಿದ್ದರು. ಕೂರಲು ಸೋಫಾ, ಕುಡಿಯಲು ಕಾಫಿ, ಎಲ್ಲ ಮರ್ಯಾದೆಯೂ ಆಯಿತು. ಅವತ್ತಿನಿಂದಲೇ ಆಕ್ಸಿಲರೇಟರ್ ಒತ್ತಿದರೆ ಸ್ಪೀಕರ್ ಕುಂಯ್ಗುಡುತ್ತದೆ. ಇಂಡಿಕೇಟರ್ ಹಾಕಿದರೆ ಹಾಡಿಗೆ ಬಿಕ್ಕಳಿಕೆ. ಕೀ ತೆಗೆದರೆ ಗಡಿಯಾರದಿಂದ ಹಿಡಿದು ಎಲ್ಲವೂ ಮರೆತುಹೋಗುತ್ತದೆ.

“ವಾಪಸ್ ಹೋಗಿ ಕೇಳಿದ್ರೆ, ಹೊಸದ್ರಲ್ಲಿ ಹಂಗೇ ಸಾರ್, ಹಾಡು ಜೋರಾಗಿ ಇಟ್ಕೊಳಿ, ಕೇಳ್ಸಲ್ಲ ಅಂದ್ರು,” ಎನ್ನುತ್ತಾರೆ ಡ್ರೈವರ್. “ಹಿಂದೆ ಕೂತ ಗಿರಾಕಿಗಳು ಬೈತಾರೆ.”

ಸೌಂಡಣ್ಣ ಆ ಅಂಗಡಿಯವರನ್ನು ಬೈಯುವುದಿಲ್ಲ. “ಅವ್ರಿಗೆ ಕೆಲ್ಸ ಬರಲ್ಲ ಅಂತಲ್ಲ. ಹಿಂದೆ ಗಾಡಿಗಳು ಸಾಲಾಗಿ ನಿಂತಿರ್ತವೆ. ಬೇಗ ಮುಗ್ಸು ಅಂತ ಒಬ್ಬ ತಲೆ ಮೇಲೆ ನಿಂತಿರ್ತಾನೆ. ನಾನೂ ಅಲ್ಲಿದ್ದಿದ್ರೆ ಹಿಂಗೇ ಮಾಡ್ತಿದ್ನೇನೋ.” ಮಾತಾಡುತ್ತಲೇ ಟೇಪು ಸುತ್ತಿದ ವೈರುಗಳ ಗಂಟು ಬಿಚ್ಚುತ್ತಾರೆ. ಅರ್ತ್ ವೈರನ್ನು ಆ ಅಂಗಡಿಯವರು ಬಣ್ಣ ಬಳಿದ ತಗಡಿಗೆ ಸ್ಕ್ರೂ ಮಾಡಿದ್ದಾರೆ. ಬಣ್ಣ ಕೆರೆದು, ಲೋಹ ಹೊಳೆದ ಮೇಲೆ ಮತ್ತೆ ಬಿಗಿಯುತ್ತಾರೆ. ಬಿಕ್ಕಳಿಕೆ ನಿಲ್ಲುತ್ತದೆ. ಕೀ ತೆಗೆದರೂ ಸ್ಟೀರಿಯೋಗೆ ತುಸು ಕರೆಂಟು ಉಳಿಯುವಂತೆ ಇನ್ನೊಂದು ವೈರನ್ನು ಅದರ ಜಾಗಕ್ಕೆ ತರುತ್ತಾರೆ. ಗಡಿಯಾರಕ್ಕೆ ನೆನಪು ಬರುತ್ತದೆ. ಕುಂಯ್ ಮಾತ್ರ ತೆಳುವಾಗಿ ಉಳಿದಿದೆ. ಅದನ್ನು ಸೌಂಡಣ್ಣ ಕೇಳಿಸಿಕೊಳ್ಳಲಾರರು.

ಇದು ಬೀದಿಗೆ ಗೊತ್ತಿಲ್ಲದ ಸಂಗತಿ. ಅವರ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೆ ಸಣ್ಣ ದನಿಗಳು ದಕ್ಕುವುದಿಲ್ಲ. ಹರೆಯದಲ್ಲಿ ಡಿಕ್ಕಿ ತುಂಬ ಸ್ಪೀಕರ್ ಪೆಟ್ಟಿಗೆ ಕೂರಿಸುವ ಕೆಲಸ ಮಾಡಿದವರು. ಗಾಜು ಅದುರುವ ತನಕ ಜೋರು ಮಾಡಿ ತೋರಿಸದಿದ್ದರೆ ಗಿರಾಕಿ ಒಪ್ಪುತ್ತಿರಲಿಲ್ಲ. ಕಿವಿಗೆ ಹಾಕುವ ಮೆಷಿನ್ನನ್ನೂ ಕೊಂಡು ನೋಡಿದ್ದಾರೆ. “ಅದೂ ಕುಂಯ್ ಅನ್ನುತ್ತೆ. ಗಾಡೀದೋ ಕಿವೀದೋ ಅಂತ ನಾನು ಯಾರನ್ನ ಕೇಳ್ಲಿ?”

ಮೊದಲು ಅನುಮಾನ ಬಂದದ್ದು ಅತ್ತೆಗೆ. ಅಂಗಡಿಯ ಮೇಲೇ ಮನೆ. ಅವರು ಮಗಳ ಮನೆಗೆ ಬಂದ ಹೊಸತರಲ್ಲಿ ಅಳಿಯನನ್ನು ಎಡಗಡೆಯಿಂದ ಕರೆದರೆ ಸೌಂಡಣ್ಣ ತಿರುಗಿಯೂ ನೋಡುತ್ತಿರಲಿಲ್ಲ. “ಟೇಪ್ ರೆಕಾರ್ಡರ್ ಬಿಚ್ಚೋನಿಗೆ ಇಷ್ಟು ಸೊಕ್ಕಾ ಅಂದ್ಕೊಂಡೆ. ಮಗಳ ಹತ್ರ ದೂರು ಹೇಳ್ದೆ. ನಾನೂ ಮಾತು ಬಿಟ್ಟೆ. ಬಿಟ್ಟಿದೀನಿ ಅಂತ್ಲೂ ಇವ್ರಿಗೆ ಗೊತ್ತಾಗ್ಲಿಲ್ಲ!” ಎಂದು ಅಜ್ಜಿ ನಗುತ್ತಾರೆ.

ಅದೇ ದಿನಗಳಲ್ಲಿ ರಿಪೇರಿಯಾಗಿ ಹೋದ ಗಾಡಿಗಳು ಒಂದೊಂದಾಗಿ ವಾಪಸ್ ಬರತೊಡಗಿದವು. ಎಲ್ಲರದೂ ಒಂದೇ ದೂರು: ಎಡಗಡೆ ಸ್ಪೀಕರ್ ಅರಚುತ್ತದೆ. ಎರಡೂ ಕಡೆಯ ದನಿಯನ್ನು ಸಮ ಮಾಡುವಾಗ ಸೌಂಡಣ್ಣ ತಮ್ಮ ಕಿವಿಗೆ ಸಮ ಮಾಡುತ್ತಿದ್ದರು. ಜಗಲಿಯಲ್ಲಿ ಕೂತಿದ್ದ ಅತ್ತೆಗೆ ಆಗ ಸೊಕ್ಕಿನ ಲೆಕ್ಕ ತಿಳಿಯಿತು. ಮಾತಿಲ್ಲದೆ ಎದ್ದು ಬಂದು, ರಿಪೇರಿಗೆ ನಿಂತಿದ್ದ ಗಾಡಿಯ ಹಿಂದಿನ ಸೀಟಿನಲ್ಲಿ ಕೂತರು. ಅವತ್ತಿನಿಂದ ಅದೇ ಅವರ ಜಾಗ. ಯಾರಾದರೂ ಕೇಳಿದರೆ, “ಮೊಣಕಾಲು ನೋವು, ಮೆತ್ತಗಿನ ಸೀಟಲ್ಲಿ ಕೂರ್ಲಿ ಅಂತ” ಎಂದು ಸೌಂಡಣ್ಣ ಹೇಳುತ್ತ ಬಂದಿದ್ದಾರೆ. ಕಿವಿ ಕೇಳದವನ ಹತ್ತಿರ ಸ್ಟೀರಿಯೋ ಯಾರು ತರುತ್ತಾರೆ? ಈ ಕೆಲಸ ಬಿಟ್ಟರೆ ಬೇರೆ ಬರುವುದಿಲ್ಲ.

ಸೌಂಡಣ್ಣ ಕೆಳಗಿನಿಂದ ಕೈಯಲ್ಲೇ ಆಕ್ಸಿಲರೇಟರ್ ಒತ್ತುತ್ತಾರೆ, ಟ್ಯಾಕ್ಸಿಯ ಎಂಜಿನ್ ಮತ್ತೊಮ್ಮೆ ಏರುತ್ತದೆ. ಡ್ರೈವರ್ ಕಿಟಕಿಯಿಂದ ತಲೆ ಒಳಗೆ ಹಾಕುತ್ತಾರೆ. “ಹೋಯ್ತಲ್ಲ ಅಣ್ಣ! ಮುಚ್ಬಿಡಿ, ನಂಗೆ ಬಾಡಿಗೆ ಇದೆ.”

“ಹೋಗಿಲ್ಲ,” ಎನ್ನುತ್ತಾರೆ ಹಿಂದಿನಿಂದ ಅಜ್ಜಿ. “ಹೆಡ್‌ಲೈಟ್ ಹಾಕಿದ್ರೆ ಇನ್ನೂ ಎಳೆಯಷ್ಟಿದೆ.”

“ಅಜ್ಜಿ, ವಯಸ್ಸಾಯ್ತಲ್ಲ, ನಿಮ್ಮ ಕಿವಿಯೊಳಗೇ ಏನೋ ಕೂಗ್ತಿರ್ಬೇಕು. ಅಣ್ಣ, ನೀವು ಹೇಳಿ. ಇದೆಯಾ, ಇಲ್ವಾ?”

ಅಜ್ಜಿ ಬಾಗಿಲು ತೆಗೆದು ಒಂದು ಕಾಲು ಕೆಳಗಿಡುತ್ತಾರೆ. ಮುಖ ಬಿಗಿದಿದೆ. ಸೌಂಡಣ್ಣನಿಗೆ ಕೇಳುತ್ತಿರುವುದು ಬರೀ ಎಂಜಿನ್. ಮೊದಲೂ ಅಷ್ಟೇ ಕೇಳುತ್ತಿತ್ತು. ‘ಇಲ್ಲ’ ಎಂದರೆ ಟ್ಯಾಕ್ಸಿ ಖುಷಿಯಾಗಿ ಹೊರಟುಬಿಡುತ್ತದೆ. ಅವರು ಡ್ಯಾಶ್‌ಬೋರ್ಡಿನ ಕೆಳಗಿನಿಂದ ಎದ್ದು ಕೂರುತ್ತಾರೆ.

“ಕೂತ್ಕೊಳಿ ಅತ್ತೆ,” ಎನ್ನುತ್ತಾರೆ. ಆಮೇಲೆ ಡ್ರೈವರ್ ಕಡೆ ತಿರುಗುತ್ತಾರೆ. “ನನ್ನ ಕೇಳ್ಬೇಡಿ. ನಂಗೆ ಈ ಕಿವಿ ಇಲ್ಲ, ಆ ಕಿವಿ ಅರ್ಧ. ಈ ಅಂಗಡೀಲಿ ಕೇಳಿಸ್ಕೊಳ್ಳೋರು ಅವ್ರು. ನಾನು ಬಿಚ್ಚಿ ಕಟ್ತೀನಿ, ಅಷ್ಟೇ.”

ಡ್ರೈವರ್ ಬಿಚ್ಚಿಹಾಕಿದ ತಮ್ಮ ಡ್ಯಾಶ್‌ಬೋರ್ಡನ್ನು ನೋಡುತ್ತಾರೆ. ಕೈ ಕೀಯ ಕಡೆ ಹೋಗುತ್ತದೆ. ಕಡೆಗೆ ಅವರು ಸುತ್ತಿ ಬಂದು ಹಿಂದಿನ ಸೀಟಿನಲ್ಲಿ ಅಜ್ಜಿಯ ಪಕ್ಕ ಕೂತು, ಗಾಜು ಏರಿಸುತ್ತಾರೆ. “ಎಲ್ಲಿ ಅಜ್ಜಿ? ಹೆಂಗಿರುತ್ತೆ ಅದು?”

“ಮೊದ್ಲು ಬಾಯಿ ಮುಚ್ಚಪ್ಪ. ಆಮೇಲೆ ಕೇಳ್ಸುತ್ತೆ.”

ಹೆಡ್‌ಲೈಟ್ ಬೆಳಗುತ್ತದೆ, ಎಂಜಿನ್ ಏರುತ್ತದೆ. ಡ್ರೈವರ್ ಕತ್ತು ಓರೆ ಮಾಡುತ್ತಾರೆ. “ಅಯ್ಯೋ… ಇದೆ! ನಿಜ್ವಾಗ್ಲೂ ಇದೆ ಅಣ್ಣ!” ಬೈಯಿಸಿಕೊಂಡರೂ ಮುಖದಲ್ಲಿ ನಗು.

ಬಾಗಿಲ ಬಳಿಯ ಕಾರ್ಪೆಟ್ ಎತ್ತಿದರೆ ಕಾರಣ ಸಿಗುತ್ತದೆ. ಬ್ಯಾಟರಿಯ ದಪ್ಪ ವೈರು, ಹಾಡು ಹೊರುವ ಸಣ್ಣ ವೈರು, ಎರಡನ್ನೂ ಒಟ್ಟಿಗೆ ನೀಟಾಗಿ ಕಟ್ಟಿದ್ದಾರೆ. “ನೋಡೋಕೆ ಚೆಂದ. ಒಂದರ ಗಲಾಟೆ ಇನ್ನೊಂದಕ್ಕೆ,” ಎಂದು ಸೌಂಡಣ್ಣ ಸಣ್ಣದನ್ನು ಗಾಡಿಯ ಆಚೆ ಬದಿಗೆ ಎಳೆಯುತ್ತಾರೆ. ಸೊಳ್ಳೆ ಹೋಗುತ್ತದೆ. ಕೊನೆಗೆ ರೇಡಿಯೋದಲ್ಲಿ ವಾರ್ತೆ. ಎರಡೂ ಕಡೆ ಸಮ ಇದೆಯೇ ಎಂದು ನೋಡಲು ಅಜ್ಜಿಗೆ ಹಾಡು ಬೇಡ, ಮಾತೇ ಬೇಕು.

“ಆ ವಾರ್ತೆಯವ್ನು ನಿಮ್ಮ ಕಡೆ ವಾಲ್ಕೊಂಡಿದಾನೆ ಅಳಿಯಂದ್ರೇ. ನೆಟ್ಟಗೆ ಕೂರ್ಸಿ.”

ಸೌಂಡಣ್ಣ ಗುಂಡಿ ಒತ್ತುತ್ತಾರೆ.

“ಹೂಂ,” ಎನ್ನುತ್ತಾರೆ ಅಜ್ಜಿ.

ಟ್ಯಾಕ್ಸಿ ಹೋಗುವಷ್ಟರಲ್ಲಿ ಶಟರ್‌ಗಳು ಏಳತೊಡಗಿವೆ. ಕಿವಿಯ ಸುದ್ದಿಯನ್ನು ಡ್ರೈವರ್ ಬೀದಿಗೆಲ್ಲ ಹಬ್ಬಿಸುವುದು ಖಂಡಿತ ಎನ್ನುತ್ತ ಸೌಂಡಣ್ಣ ಕೈ ಒರೆಸಿಕೊಳ್ಳುತ್ತಾರೆ. “ಹಬ್ಲಿ ಬಿಡಿ. ಮೊಣಕಾಲು ನೋವಿನ ಕಥೆ ಹೇಳಿ ಹೇಳಿ ನಂಗೂ ಸಾಕಾಗಿತ್ತು.”

ಅಜ್ಜಿಗೆ ಒಂದೇ ಆಸೆ ಇದೆ: ಒಂದು ದಿಂಬು. ಹಿಂದಿನ ಸೀಟು ನಡುವೆ ಉಬ್ಬಿರುತ್ತದೆ, ಸೊಂಟ ಹಿಡಿಯುತ್ತದೆ. ನಿಮ್ಮ ಕೆಲಸದ ಬಗ್ಗೆ ಬರೆಯಬೇಕು ಎಂದು ನಾನು ಹೇಳಿದರೆ ಶಾಲು ಕೊಡವಿ ನಗುತ್ತಾರೆ.

“ನಂದೇನು ಕೆಲ್ಸ, ಸುಮ್ನೆ ಕೂತಿರ್ತೀನಿ,” ಎಂದು ಮೆಟ್ಟಿಲ ಕಡೆ ನಡೆದವರು ನಿಲ್ಲುತ್ತಾರೆ. “ಆದ್ರೆ ನಾನು ಹೂಂ ಅನ್ನೋ ತನಕ ಒಂದು ಗಾಡೀನೂ ಇಲ್ಲಿಂದ ಕದಲಲ್ಲ. ಅದನ್ನ ಬೇಕಾದ್ರೆ ಬರ್ಕೊಳಿ.”