ನುಗ್ಗೆ ಟೊಂಗೆಯ ಗೂಡು

ಕಾಕು ಎಂದರೆ ಮೊದಲು ಕಣ್ಣ ಮುಂದೆ ಬರುವುದು ಅವರ ಬೆನ್ನು. ಬೆವರಿಗೆ ಅಂಟಿದ ಕುಪ್ಪಸ, ಅದರ ಮೇಲೆ ಬೆರಳಿನಷ್ಟು ತೆಳ್ಳನೆಯ ಬಿಳಿ ಜಡೆ. ಸಯನ್ನಿನ ನಮ್ಮ ಚಾಳಿನಲ್ಲಿ ಪಕ್ಕದ ಖೋಲಿ ಅವರದು; ಚಾಳಿಗೆಲ್ಲ ಅವರು ಕಾಕು, ಚಿಕ್ಕಮ್ಮ. ಹಿಂಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತ ಹಿತ್ತಲಿನ ಹಕ್ಕಿಗಳನ್ನೇ ನೋಡುತ್ತಿದ್ದರು. ಯಾರು ಬಂದರೂ ತಿರುಗುತ್ತಿರಲಿಲ್ಲ. "ಏನರೆ ಹೇಳೂದಿದ್ರ ನನ್ನ ಬೆನ್ನಿಗೆ ಹೇಳು," ಎನ್ನುತ್ತಿದ್ದರು.

ಐವತ್ತರ ದಶಕದ ಮಾತು. ಮದುವೆಯಾಗಿ ವಿಜಾಪುರದಿಂದ ಬಂದ ನನಗೆ ಆ ಮಹಾನಗರದಲ್ಲಿ ಮಾತಾಡುವವರೇ ಇರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಕಾಕು ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಹೂಬಿಟ್ಟ ನುಗ್ಗೆ ಟೊಂಗೆಗೆ ನೇತಾಡುತ್ತಿದ್ದ ಕಸದ ಗಂಟೊಂದನ್ನು ತೋರಿಸಿದರು. ಜೇಡರ ಬಲೆ, ಒಣ ಎಲೆ, ನಾರು. ಅದು ಸೂರಕ್ಕಿಯ ಗೂಡು. ಒಳಗಿನಿಂದ ಎರಡು ಕೊಕ್ಕು ಹೊರಬಂದವು.

"ಇನ್ನ ನಾಕು ದಿನಾ. ಹಾರತಾವು ನೋಡು," ಎಂದರು. ಅವರಲ್ಲಿ ಅಷ್ಟು ಮೆತ್ತಗಿನ ದನಿಯೂ ಇತ್ತೆಂದು ಚಾಳಿಗೆ ಗೊತ್ತಿರಲಿಲ್ಲ. ಅವರ ಬೈಗುಳವಷ್ಟೇ ಗೊತ್ತಿತ್ತು.

ಹೋಳಿಯ ಸಂಜೆ ನಾನೂ ಕಾಕೂ ಮಾಟುಂಗದ ದೇವಸ್ಥಾನಕ್ಕೆ ಹೋಗಿ ಬರುವಷ್ಟರಲ್ಲಿ ನುಗ್ಗೆ ಗಿಡ ಬೋಳಾಗಿತ್ತು. ಅಂಗಳದಲ್ಲಿ ಬೆಂಕಿ ಹೊತ್ತಿತ್ತು. ಕಾಮಣ್ಣನಿಗೆಂದು ಕದ್ದ ಕಟ್ಟಿಗೆಯನ್ನು ಯಾರೂ ಕೇಳುವಂತಿಲ್ಲವಲ್ಲ, ಗಂಡಸರಿಗೆ ಅದೊಂದು ಆಟ. ಹಸಿ ನುಗ್ಗೆ ನೆಟ್ಟಗೆ ಉರಿಯುವುದೂ ಇಲ್ಲ, ಬರೀ ಹೊಗೆ! ಅಷ್ಟೂ ತಿಳಿಯದ ಮೂರ್ಖರು. ಅವರಲ್ಲಿ ನನ್ನ ಗಂಡನೂ ಒಬ್ಬ. ಆ ಟೊಂಗೆಯನ್ನು ಹೆಗಲ ಮೇಲೆ ಹೊತ್ತು ನಗುತ್ತ ಹೋದನಂತೆ.

ಕಾಕು ತುಂಬಿದ ಕೊಡ ಎತ್ತಿಕೊಂಡು ಅಂಗಳಕ್ಕೆ ನಡೆದರು.

"ಕಾಮಣ್ಣನ ಕಟ್ಟಿಗಿ ಕೇಳಬಾರದ್ರಿ ಕಾಕು," ಎಂದ ನನ್ನ ಗಂಡ, ಹಲ್ಲು ಕಿರಿದು.

"ಕಟ್ಟಿಗಿ ಯಾರ ಕೇಳ್ಯಾರೋ? ಮರಿ ಎಲ್ಲಿ ಅದಾವ ಹೇಳು."

"ಯಾವ ಮರಿ? ಕಸಾ ಇತ್ತು, ಬೆಂಕಿಗಿ ಒಗದ್ವಿ."

ಕಾಕು ಇಡೀ ಕೊಡವನ್ನು ಬೆಂಕಿಗೆ ಸುರಿದರು. ಹೋಳಿಗೆಯ ತಟ್ಟೆ ಹಿಡಿದು ನಿಂತ ಹೆಂಗಸರು ಅಪಶಕುನವೆಂದು ಚೀರಿದರು.

ಅಂದಿನಿಂದ ಚಾಳು ಅವರೊಂದಿಗೆ ಮಾತು ಬಿಟ್ಟಿತು. ಆ ಬಾಗಿಲು ತುಳಿಯಕೂಡದೆಂದು ಗಂಡ ನನಗೂ ಹೇಳಿದ. ಮರುದಿನವೇ ತುಳಿದೆ. ತಾಯಿ ಹಕ್ಕಿ ಕೊಕ್ಕಿನಲ್ಲಿ ಹುಳ ಹಿಡಿದು, ಟೊಂಗೆಯಿಲ್ಲದ ಜಾಗದಲ್ಲಿ ರೆಕ್ಕೆ ಬಡಿಯುತ್ತಿತ್ತು. ನಾನು ಮುಖ ತಿರುಗಿಸಿದೆ.

"ತಿರುಗಬ್ಯಾಡ. ನೋಡು," ಎಂದರು ಕಾಕು.

ನೋಡಿದೆ. ಆ ಸಿಟ್ಟು ಇವತ್ತಿಗೂ ಆರಿಲ್ಲ. ಆರುವುದೂ ಬೇಡ.

ಕೆಲವು ವರ್ಷಗಳ ಮೇಲೆ ಕಾಕು ತೀರಿಕೊಂಡರು. ಮಾತು ಬಿಟ್ಟವರೆಲ್ಲ ಬಂದು ಮೋರೆ ಇಳಿಬಿಟ್ಟು ನಿಂತರು. ನನ್ನ ಗಂಡ ಚಟ್ಟಕ್ಕೆ ಹೆಗಲು ಕೊಡಲು ಬಾಗಿದ.

"ನೀವು ಹೆಗಲ ಕೊಡಬ್ಯಾಡ್ರಿ," ಎಂದೆ, ಎಲ್ಲರೆದುರು.

ಅವನು ನನ್ನ ಮುಖ ನೋಡಿದ. ನಾನು ತಿರುಗಲಿಲ್ಲ. ಅವನೇ ಪಕ್ಕಕ್ಕೆ ಸರಿದ.