ಹದಿನಾಲ್ಕನೆಯ ಪುಸ್ತಕದ ಎಡಗಾಲು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಬೇಕರಿಯ ಗೋಡೆ ಗಡಿಯಾರ ನೋಡಿ, ಹತ್ತೂವರೆಯ ಬಸ್ಸಿಗೆ ಇನ್ನೂ ಹೊತ್ತಿದೆ ಎಂದುಕೊಂಡೆ. ಅಷ್ಟರಲ್ಲಿ ನನ್ನ ಮುಂದೆ ನಿಂತಿದ್ದವನು ಜಾಕೆಟ್ಟಿನೊಳಗಿಂದ ಚಾಕು ತೆಗೆದ. ದೊಡ್ಡದೇನಲ್ಲ, ತರಕಾರಿ ಹೆಚ್ಚುವಂಥದು. ಅದನ್ನು ಕೌಂಟರಿನ ಹೆಂಗಸಿನ ಕಡೆ ಹಿಡಿದ, ಆಮೇಲೆ ತಿರುಗಿ ನನ್ನ ಹೊಟ್ಟೆಯ ಕಡೆ. ಕಣ್ಣಿನವರೆಗೆ ಮಫ್ಲರ್ ಸುತ್ತಿಕೊಂಡಿದ್ದ. ಏನೋ ಅಂದ, ನನಗೆ ತಿಳಿಯಲಿಲ್ಲ. ಗಲ್ಲಾದ ಸದ್ದು, ಬಾಗಿಲ ಗಂಟೆಯ ಸದ್ದು. ಮತ್ತೆ ನೋಡಿದಾಗ ಗಡಿಯಾರದಲ್ಲಿ ಇಪ್ಪತ್ತೆರಡು. ಆ ಎರಡು ನಿಮಿಷಗಳನ್ನೇ ಮುಂದಿನ ಏಳು ವಾರ ತಿರುಗಿ ತಿರುಗಿ ನೋಡಿದೆ.

ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ನನ್ನ ಗಂಡ ಇಲ್ಲಿಗೆ ಬಂದು ಒಂದು ವರ್ಷವಾಗಿತ್ತು. ಬೊಬ್ಲಿಂಗೆನ್‌ನಲ್ಲಿ ಅವರ ಆಫೀಸು, ಅಲ್ಲಿಂದ ಅರ್ಧ ಗಂಟೆಯ ಸಣ್ಣ ಊರಿನಲ್ಲಿ ನಮ್ಮ ಮನೆ. ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮಾಡಿದ್ದೆ. ಇಲ್ಲಿ ನನಗೆ ಕೆಲಸದ ಪರವಾನಗಿ ಇರಲಿಲ್ಲ, ಹಗಲೆಲ್ಲ ಖಾಲಿ. ಕೆಳಗಿನ ಮನೆಯಲ್ಲಿ ಅಂಚೆ ಕಚೇರಿಯಿಂದ ನಿವೃತ್ತಳಾದ ಒಬ್ಬ ಮುದುಕಿ ಇದ್ದಳು. ಅವಳ ಹಜಾರದ ಕಪಾಟಿನ ತುಂಬ ಒಂದೇ ಮಾಲೆಯ ಪತ್ತೇದಾರಿ ಕಾದಂಬರಿಗಳು. ಅಮೆರಿಕದ ಯಾವುದೋ ಧೂಳಿನ ಊರಿನ ಶೆರಿಫ್ ಒಬ್ಬನ ಕಥೆಗಳು, ಜರ್ಮನ್‌ಗೆ ಅನುವಾದವಾದವು, ಮೂವತ್ತಕ್ಕೂ ಹೆಚ್ಚು. “ತರಗತಿಗೆ ಹೋಗಬೇಡಿ, ಇವನ ಹತ್ತಿರ ಕಲಿಯಿರಿ,” ಎಂದು ಮೊದಲನೆಯದನ್ನು ಕೈಗಿಟ್ಟಳು. “ಕ್ರಮ ತಪ್ಪಿಸಬೇಡಿ. ಒಂಬತ್ತರಲ್ಲಿ ಹೆಂಡತಿ ಸಾಯುತ್ತಾಳೆ. ಹತ್ತು ಓದಿ ಎಂಟಕ್ಕೆ ಬಂದರೆ ಅವಳನ್ನು ನೋಡಿ ನಿಮಗೇ ಸಂಕಟ.”

ನಾನು ಆ ಶೆರಿಫನನ್ನು ಮನಸ್ಸಿನಲ್ಲಿ ಫೌಜದಾರ ಎಂದೇ ಕರೆಯುತ್ತಿದ್ದೆ. ಪುಸ್ತಕದಿಂದ ಪುಸ್ತಕಕ್ಕೆ ಅವನಿಗೆ ವಯಸ್ಸಾಗುತ್ತಿತ್ತು, ಗಾಡಿ ಹಳೆಯದಾಗುತ್ತಿತ್ತು. ಅವನ ಹಜಾಮ ಮಾತ್ರ ಬದಲಾಗುತ್ತಿರಲಿಲ್ಲ. ಫೌಜದಾರನದು ಒಂದು ಹಟ. ಸಾಕ್ಷಿ ಏನು ಹೇಳಿದರೂ ಬರೆದುಕೊಂಡು, ಆಮೇಲೆ ಅವರನ್ನು ಕರೆದೊಯ್ದು ಅದೇ ಜಾಗದಲ್ಲಿ, ಅದೇ ಹೊತ್ತಿಗೆ ನಿಲ್ಲಿಸುವುದು. “ಈಗ ಹೇಳು” ಎನ್ನುವುದು.

ದರೋಡೆಯ ದಿನ ಪೊಲೀಸ್ ಠಾಣೆಯಲ್ಲಿ ನನ್ನ ಜರ್ಮನ್ ಕೇಳಿ ಮಹಿಳಾ ಅಧಿಕಾರಿ ತಲೆಯೆತ್ತಿದಳು. “ಪುಸ್ತಕದ ಹಾಗೆ ಮಾತಾಡುತ್ತೀರಿ,” ಅಂದಳು. ನನಗೆ ಹೆಮ್ಮೆ. ಬಾಳೆಹಣ್ಣು ತೂಗಿಸಲು ಬಾಯಿ ಬಾರದವಳಿಗೆ ಚಾಕುವಿನ ಅಲಗು, ಹಿಡಿ, ತಪ್ಪಿಸಿಕೊಂಡು ಓಡುವುದು, ಎಲ್ಲಕ್ಕೂ ಮಾತಿತ್ತು. ಹೇಗೆ ಓಡಿದ ಎಂದು ಕೇಳಿದಳು. ವಾಕ್ಯ ಸಿದ್ಧವಾಗಿಯೇ ಬಂತು: ಎಡಗಾಲನ್ನು ಎಳೆಯುತ್ತ ಬಾಗಿಲು ದಾಟಿದ. ಸಹಿ ಹಾಕಿ ಬಂದೆ.

ಆಮೇಲೆ ನಿದ್ದೆ ಹೋಯಿತು. ಮಲಗಿದ ಒಂದೆರಡು ತಾಸಿಗೆ ಬಾಗಿಲ ಗಂಟೆ ಕೇಳಿ ಎಚ್ಚರ. ನಮ್ಮ ಮನೆಯ ಬಾಗಿಲಿಗೆ ಗಂಟೆಯೇ ಇಲ್ಲ. ಹೆಚ್ಚುವ ಚಾಕುವನ್ನು ಡ್ರಾಯರಿನ ಹಿಂದಕ್ಕೆ ತಳ್ಳಿದೆ. ವಾರಗಟ್ಟಲೆ ಹೆಚ್ಚದ ಪಲ್ಯ ತಿಂದೆವು, ಬರೀ ಕಾಳು. ಬೇಕರಿಯ ಬೀದಿ ಬಿಟ್ಟೆ. ಗಂಡ ಬೇಸರ ಮಾಡಲಿಲ್ಲ. ಅವರಿಗೂ ದಣಿವಾಗಿತ್ತು.

ನಾಲ್ಕನೆಯ ವಾರ ಪುಸ್ತಕ ಮರಳಿಸಲು ಹೋದಾಗ ಮುದುಕಿ ಹೇಳಿದಳು. ನೀರು, ಬಿಯರ್ ಬಾಟಲಿಗಳನ್ನು ಕ್ರೇಟಿನಲ್ಲಿ ಮಾರುವ ಹಿಂದಿನ ಬೀದಿಯ ಪಾನೀಯದ ಅಂಗಡಿಯಲ್ಲಿ ಕ್ರೇಟು ಎತ್ತುವವನನ್ನು ಪೊಲೀಸರು ಎರಡು ಸಲ ಕರೆದೊಯ್ದು ಕೇಳಿದರಂತೆ. ಬಾಲ್ಕನ್ ಕಡೆಯಿಂದ ಯುದ್ಧಕ್ಕೆ ಹೆದರಿ ಬಂದವನು, ಎಡಗಾಲು ಸ್ವಲ್ಪ ಎಳೆಯುತ್ತಾನೆ. ಇತ್ಯರ್ಥವಾಗುವ ತನಕ ಬರಬೇಡ ಎಂದಿದ್ದಾನೆ ಅಂಗಡಿಯವನು. ಇಲ್ಲಿ ಉಳಿಯಲು ಅವನಿಗೆ ಕೊಡುವ ಕಾಗದ ಕೆಲವೇ ತಿಂಗಳದ್ದು. ಕೆಲಸ ಹೋದರೆ, ಮೇಲೆ ಪೊಲೀಸ್ ಕೇಸು ಅಂದರೆ, ಅದೂ ಹೋಗುತ್ತದೆ.

“ಕುಂಟುತ್ತಿದ್ದ ಎಂದು ಹೇಳಿದವರು ಯಾರೋ,” ಅಂದಳು.

“ನಾನೇ.”

ಮುದುಕಿ ನನ್ನ ಕೈಯಲ್ಲಿದ್ದ ಪುಸ್ತಕ ನೋಡಿದಳು. ಹದಿನಾಲ್ಕನೆಯದು. ದರೋಡೆಯಾದ ವಾರ ನಾನು ಓದುತ್ತಿದ್ದದ್ದು ಅದನ್ನೇ. ಅದರಲ್ಲಿ ಪೆಟ್ರೋಲ್ ಬಂಕಿನ ಕಳ್ಳ ಎಡಗಾಲು ಎಳೆಯುತ್ತ ಬಾಗಿಲು ದಾಟುತ್ತಾನೆ.

“ಮಗೂ,” ಅಂದಳು, “ನೀವು ಯಾವ ಕಳ್ಳನನ್ನು ನೋಡಿದಿರಿ?”

ನನಗೆ ಗೊತ್ತಿರಲಿಲ್ಲ. ಅದೇ ಭಯಂಕರ. ಕಣ್ಣು ಮುಚ್ಚಿದರೆ ಅವನು ಕುಂಟುತ್ತಲೇ ಓಡುತ್ತಿದ್ದ, ಪ್ರತಿ ಸಲವೂ. ನಿಜಕ್ಕೂ ಕುಂಟಿದ್ದರೆ? ಅದೂ ಇರಬಹುದಲ್ಲ.

ಮರುದಿನ ಹತ್ತು ಗಂಟೆಗೆ ಅವಳು ಕೋಟು ಹಾಕಿಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದಳು. “ನಡೆಯಿರಿ. ನಮ್ಮ ಶೆರಿಫ್ ಏನು ಮಾಡುತ್ತಿದ್ದ?”

ಬೇಕರಿಯ ಮೆಟ್ಟಿಲಲ್ಲಿ ನಾನು ಹಿಂದಕ್ಕೆ ತಿರುಗಿದೆ. ಅವಳು ತೋಳು ಬಿಡಲಿಲ್ಲ. ಆ ದಿನ ನಿಂತ ಜಾಗದಲ್ಲೇ ನಿಂತೆ. ಇಪ್ಪತ್ತು ನಿಮಿಷವಾಗುತ್ತಿದ್ದಂತೆ ಕೌಂಟರಿನ ಹೆಂಗಸು ಎರಡನೇ ಸಲದ ಬ್ರೆಡ್ಡಿನ ಗಾಡಿಯನ್ನು ಒಲೆಯ ಕೋಣೆಯಿಂದ ದೂಡಿಕೊಂಡು ಬಂದು ನನ್ನ ಪಕ್ಕ ನಿಲ್ಲಿಸಿದಳು. ಎದೆಯೆತ್ತರದ ಗಾಡಿ, ಹಂತ ಹಂತವಾಗಿ ತಟ್ಟೆಗಳು. ಅದರಾಚೆ ಬಾಗಿಲಿನ ಮೇಲರ್ಧ ಮಾತ್ರ ಕಾಣುತ್ತಿತ್ತು. ಮುದುಕಿ ಬಾಗಿಲವರೆಗೆ ಹೋಗಿ, ಬೇಕೆಂದೇ ಕುಂಟುತ್ತ ಹೊರಗೆ ಹೋಗಿ ಬಂದಳು. ನನಗೆ ಕಂಡದ್ದು ಅವಳ ಟೋಪಿ, ಭುಜ.

“ಆ ದಿನ ಗಾಡಿ ಇರಲಿಲ್ಲವೇನೋ,” ಅಂದೆ.

“ಇರಲಿಲ್ಲವೇ?” ಕೌಂಟರಿನವಳು ನಕ್ಕಳು. “ನೀವು ಅದನ್ನೇ ಹಿಡಿದುಕೊಂಡಿದ್ದಿರಿ. ಬಿಸಿ, ಬಿಡಿ ಎಂದು ಬಡಕೊಂಡೆ. ಕೇಳಬೇಕಲ್ಲ.”

ಅಂಗೈ ನೋಡಿಕೊಂಡೆ. ದೋಸೆ ಹಂಚಿನ ಬರೆ ಎಂದುಕೊಂಡಿದ್ದ ಗೆರೆ ಇನ್ನೂ ಕೆಂಪಾಗಿತ್ತು.

ಸಂಜೆ ಗಂಡನಿಗೆ ಹೇಳಿದೆ.

“ಒಮ್ಮೆ ಹೇಳಿ ಬಂದಿ, ಮುಗೀತು,” ಅಂದರು. “ಮತ್ತ ಯಾಕ ಪೊಲೀಸರ ಹತ್ರ?”

“ತಪ್ಪು ಹೇಳಿ ಬಂದೇನ್ರೀ.”

“ಅದನ್ನ ನೀನ ಹೋಗಿ ಹೇಳಿದ್ರ ಸುಳ್ಳು ಸಾಕ್ಷಿ ಅಂತಾರ. ನಾಳೆ ನಮ್ಮ ವೀಸಾ ಫೈಲಿನ್ಯಾಗ ಒಂದು ಕಾಗದ ಕೂತ್ರ ಗಂಟುಮೂಟಿ ಕಟ್ಟೂದ.”

“ಅವಂದೂ ಒಂದು ಫೈಲ್ ಅದರೀ.”

“ನಿನಗ ಆ ಪುಸ್ತಕ ಕೊಟ್ಟಾಕಿಗೆ ಏನನ್ಬೇಕೋ,” ಎಂದು ಅವರು ಎದ್ದರು. ಮರುದಿನ ಅರ್ಧ ದಿನ ರಜೆ ಹಾಕಿ ನನ್ನ ಜೊತೆ ಬಂದರು. ಇಬ್ಬರ ಪಾಸ್‌ಪೋರ್ಟ್ ಇದ್ದ ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಠಾಣೆಯ ಬೆಂಚಿನ ಮೇಲೆ ಕೂತರು, ಅಲ್ಲಿಂದಲೇ ವಿಮಾನ ಹತ್ತುವವರ ಹಾಗೆ.

ಒಳಗೆ ಅದೇ ಅಧಿಕಾರಿ. ಈ ಸಲ ನನ್ನ ಜರ್ಮನ್ ಮುರುಕಲು. ಕಾಲು ನೋಡಿಲ್ಲ, ನೋಡಲು ಆಗುತ್ತಲೂ ಇರಲಿಲ್ಲ ಎಂದೆ. ಗಾಡಿಯ ಎತ್ತರವನ್ನು ಎದೆಯ ಮೇಲೆ ಕೈಯಿಟ್ಟು ತೋರಿಸಿದೆ.

“ಹಾಗಾದರೆ ಕುಂಟು ಎಲ್ಲಿಂದ ಬಂತು?”

“ಪುಸ್ತಕದಿಂದ.”

ಅವಳು ಟೈಪು ಮಾಡುವುದನ್ನು ನಿಲ್ಲಿಸಿದಳು. ಮಾಲೆಯ ಹೆಸರು ಕೇಳಿದಳು, ಹೇಳಿದೆ. “ಎಷ್ಟನೆಯದು?” “ಹದಿನಾಲ್ಕು.”

“ನನ್ನ ತಾಯಿಯೂ ಓದುತ್ತಾಳೆ,” ಅಂದಳು, ನಗದೆ. ಬೇಕರಿಗೆ ಹೋಗಿ ನೋಡುತ್ತೇವೆ ಎಂದಳು. ನನ್ನ ಮೇಲೆ ಏನಾದರೂ ಕ್ರಮವೇ ಎಂದು ಕೇಳಿದ್ದಕ್ಕೆ, ತಿದ್ದಲು ಬಂದವರ ಮೇಲೆ ಯಾಕೆ ಎಂದಳು. ಹೊರಗೆ ಬಂದಾಗ ಗಂಡನ ಬೆವರಿಗೆ ಪ್ಲಾಸ್ಟಿಕ್ ಚೀಲ ಅಂಟಿಕೊಂಡಿತ್ತು.

ಆದರೂ ನಿದ್ದೆ ಬರಲಿಲ್ಲ. ಒಂದು ವಾರ, ಎರಡು ವಾರ. ಕನಸಿನಲ್ಲಿ ಅವನು ಕುಂಟುವುದು ಮಾತ್ರ ನಿಂತಿತ್ತು. ಸೊಂಟದ ಕೆಳಗೆ ಅವನೇ ಇರಲಿಲ್ಲ. ಪಾನೀಯದ ಅಂಗಡಿಯ ಮುಂದೆ ಬೇರೆ ಯಾರೋ ಕ್ರೇಟು ಎತ್ತುತ್ತಿದ್ದರು. ಗಂಡ ಶನಿವಾರ ಶನಿವಾರ ಅಲ್ಲಿಂದ ನೀರಿನ ಕ್ರೇಟು ತಂದು, ನಾನು ಕೇಳುವ ಮೊದಲೇ ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದರು.

ಏಳನೆಯ ವಾರದ ಶನಿವಾರ ಕ್ರೇಟನ್ನು ಅಡುಗೆಮನೆಯಲ್ಲಿಳಿಸಿ ಸೊಂಟ ನೆಟ್ಟಗೆ ಮಾಡಿಕೊಂಡರು. “ಬಂದಾನ. ಕಾರಿನ ತನಕ ಕ್ರೇಟು ಅವನ ಎತ್ತಿ ತಂದ.”

“ಏನಾರ ಅಂದ್ನೇನು?”

“ಮಳಿ ಬರ್ತದ ಅಂದ.”

ನಿಜವಾದ ಕಳ್ಳ ಸಿಕ್ಕನೋ ಇಲ್ಲವೋ ತಿಳಿಯಲಿಲ್ಲ. ಆ ದಿನ ಡ್ರಾಯರಿನ ಹಿಂದಿನಿಂದ ಚಾಕು ತೆಗೆದು ಒಂದು ಈರುಳ್ಳಿ ಹೆಚ್ಚಿದೆ. ಊಟ ಮಾಡಿ ಹಾಗೇ ಮಲಗಿದವಳಿಗೆ ಎಚ್ಚರವಾದದ್ದು ಭಾನುವಾರದ ಚರ್ಚಿನ ಗಂಟೆಗೆ. ಗಂಡ ಮಾಡಿಟ್ಟಿದ್ದ ಒಗ್ಗರಣೆ ಅವಲಕ್ಕಿ ತಣ್ಣಗಾಗಿತ್ತು.