ಅತ್ತೆಯ ತೆಲುಗು

ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಅತ್ತೆ ತೆಲುಗು ಆಡಿದ್ದನ್ನು ನಾನು ಕೇಳಿರಲೇ ಇಲ್ಲ. ಅವರ ತವರು ಅಂಬಾಜಿದುರ್ಗದ ಕಡೆಯ ತೆಲುಗು ಮನೆ ಅಂತ ಮಾತ್ರ ಗೊತ್ತಿತ್ತು. ಅವರಿಗೆ ಅಲ್ಜೈಮರ್ ಕಾಯಿಲೆ ಅಂತ ತಿಳಿದ ಮಾರನೇ ವರ್ಷ, ಒಂದು ಬೆಳಗ್ಗೆ ಮಾತ್ರೆ ಕೊಡಲು ಹೋದಾಗ, "ಎವರಮ್ಮಾ ನುವ್ವು?" ಅಂದರು. ನೀನು ಯಾರಮ್ಮ ಅಂತ. ನಿಮ್ಮ ಸೊಸೆ ಅಂತ ಕನ್ನಡದಲ್ಲಿ ಹೇಳಿದೆ. ಅರ್ಥವಾಗದವರಂತೆ ನೋಡಿ ಬಾಯಿ ಬಿಗಿದುಕೊಂಡರು.

ನನಗೆ ನೋವಿಗಿಂತ ಆಶ್ಚರ್ಯವೇ ಹೆಚ್ಚಾಯಿತು. ಇಷ್ಟು ಕಾಲ ಆಡಿದ ಕನ್ನಡ ಎಲ್ಲಿಗೆ ಹೋಯಿತು? ಡಾಕ್ಟರನ್ನೇ ಕೇಳಿದೆ.

"ಸಾಮಾನ್ಯವಾಗಿ ಹೊಸ ನೆನಪು ಮೊದಲು ಹೋಗುತ್ತಮ್ಮ, ಚಿಕ್ಕಂದಿನದು ಹೆಚ್ಚು ಕಾಲ ಉಳಿಯುತ್ತೆ. ಕೆಲವರಿಗೆ ಭಾಷೆಯೂ ಹಾಗೇ."

"ಮಾತ್ರೆ ತಗೊಂಡ್ರೆ ವಾಪಸ್ ಬರುತ್ತಾ?"

"ಇಲ್ಲ. ಪೂರ್ತಿ ವಾಸಿ ಮಾಡೋ ಔಷಧಿ ಇನ್ನೂ ಬಂದಿಲ್ಲ. ಈ ಮಾತ್ರೆಯಿಂದ ಸ್ವಲ್ಪ ಕಾಲ ತೊಂದರೆ ಕಮ್ಮಿಯಾಗಬಹುದು. ಅವರಿಗೆ ತಿಳಿಯೋ ಭಾಷೆಯಲ್ಲಿ, ನಿಧಾನವಾಗಿ ಮಾತಾಡಿಸಿ. ಅದೂ ಚಿಕಿತ್ಸೆನೇ."

ನನ್ನದು ಚಿಂತಾಮಣಿ ಸಂತೆಯಲ್ಲಿ ಕಲಿತ ಹರಕು ತೆಲುಗು. ಮರುದಿನ ಅದರಲ್ಲೇ ಮಾತ್ರೆ ನುಂಗಿ ಅಂದೆ. ಅತ್ತೆ ನಕ್ಕು, ನನ್ನ ಮಾತನ್ನು ತಿದ್ದಿ, ನುಂಗಿದರು. ಆಮೇಲೆ ಅಕ್ಕನ ಜೊತೆ ಬೆಟ್ಟ ಹತ್ತಿ ಸೀತಾಫಲ ಕಿತ್ತ ಕಥೆ ಶುರು ಮಾಡಿದರು. ಕನ್ನಡದಲ್ಲಿ ಅವರು ಆ ಕಥೆಯನ್ನು ಎಂದೂ ಹೇಳಿರಲಿಲ್ಲ.

ಈಗ ಕೆಲವು ದಿನ ನನ್ನನ್ನೇ ಆ ಅಕ್ಕ ಅಂದುಕೊಳ್ಳುತ್ತಾರೆ. ನಾನು ಅಲ್ಲ ಅನ್ನುವುದಿಲ್ಲ. ಪಕ್ಕದಲ್ಲಿ ಕೂತು, ಆಮೇಲೇನಾಯಿತು ಅಂತ ಕೇಳುತ್ತೇನೆ.